ಉಡಿಕಿಗೆ ಓಕುಳಿ

ಟಿಕ್ ಅಂದಿತು, ಅಲ್ಲ, ಅಷ್ಟೂ ಅಲ್ಲ, ಒಳಗೆ ಏನೂ ಇಲ್ಲದ ಮೊಟ್ಟೆಗೆ ಉಗುರು ತಾಗಿದರೆ ಬರುವ ಸದ್ದು ಅದಕ್ಕಿಂತ ತೆಳ್ಳಗಿರುತ್ತದೆ, ವಿರುಪಮ್ಮ ಅದನ್ನು ಕಿವಿಯ ಹತ್ತಿರ ಹಿಡಿದು ಇನ್ನೊಂದು ಸಲ ತಟ್ಟಿದಳು, ಒಣಗಿದೆ, ಒಳಗೆಲ್ಲ ಗರಿಗರಿ ಒಣಗಿದೆ, ಇನ್ನು ತುಂಬಬಹುದು, ಜಲ್ದಿ ತುಂಬಬೇಕು, ಹೊತ್ತು ಆಗಲೇ ಬೇವಿನ ಮರದ ನೆತ್ತಿಗೆ ಬಂದಿದೆ, ಸಂಜೆಯಾಗುವುದರೊಳಗೆ ಎಮ್ಮಿಗನೂರಿನಿಂದ ಗಂಡಿನವರ ಗಾಡಿ ಬಂದೇಬಿಡುತ್ತದೆ — ಬಂದೇಬಿಡುತ್ತದೆ ಅಂದುಕೊಂಡದ್ದೇ ತಡ, ಅವಳು ನಕ್ಕುಬಿಟ್ಟಳು, ಒಬ್ಬಳೇ, ಹಿತ್ತಿಲಲ್ಲಿ, ಮೊಟ್ಟೆ ಹಿಡಿದುಕೊಂಡು, ಯಾರಾದರೂ ನೋಡಿದರೆ ಹುಚ್ಚು ಹಿಡಿದಿದೆ ಅಂದಾರು. ಅನ್ನಲಿ. ಇವತ್ತು ಅವಳ ಉಡಿಕಿ. ಗಂಡ ಸತ್ತವಳಿಗೆ ಎರಡನೆಯವನ ಹೆಸರಿನಲ್ಲಿ ಸೀರೆ ಉಡಿಸಿ ಕಳಿಸುವ ಉಡಿಕಿ, ಹಂದರ ಇಲ್ಲ, ಬಾಜಾಭಜಂತ್ರಿ ಇಲ್ಲ, ಮುತ್ತೈದೆಯರು ಎದುರಿಗೆ ಬರುವ ಹಾಗಿಲ್ಲ, ಹೆತ್ತ ತಾಯಿ ಕೂಡ ಬಾಗಿಲ ಹಿಂದೆಯೇ ನಿಲ್ಲಬೇಕು, ಓಕುಳಿಯಂತೂ ಇಲ್ಲವೇ ಇಲ್ಲ, ಹೊತ್ತಿಳಿದ ಮೇಲೆ ಹಿತ್ತಿಲ ಬಾಗಿಲಿಂದ ಬರುವುದು, ಹಿತ್ತಿಲ ಬಾಗಿಲಿಂದಲೇ ಕರೆದುಕೊಂಡು ಹೋಗುವುದು, ಹೊಸಪೇಟೆಯ ಈ ಚಿತ್ರಕೇರಿಯಲ್ಲಿ ಹಿಂದಿನಿಂದ ನಡೆದುಬಂದದ್ದು ಹಾಗೆ — ಹಾಗಾದರೆ ಈ ಮೊಟ್ಟೆಗಳು ಯಾರಿಗೆ? ಬುಟ್ಟಿಯ ತೌಡಿನೊಳಗೆ ಮೂತಿ ಮುಚ್ಚಿಕೊಂಡು ಮಲಗಿರುವ ಇವು, ಅರಿಸಿನದ್ದು, ನೀಲಿಯದು, ಮುತ್ತುಗದ ಹೂವಿನಲ್ಲಿ ಅದ್ದಿ ತೆಗೆದ ಕೇಸರಿಯದು? ಕಂಪ್ಲಿಯ ಮಾವನ ಮಗನ ಮದುವೆಗೆ, ಅಂತ ಅವಳು ಮನೆಯಲ್ಲಿ ಹೇಳಿದ್ದಾಳೆ. ಹಸಿಹಸಿ ಸುಳ್ಳು. ಅವೆಲ್ಲ ಅವಳವು, ಒಂದೊಂದೂ ಅವಳದು, ಅವಳ ಓಕುಳಿಗೆ.

ಸುಳ್ಳು ಹೇಳುವುದು ಅವಳಿಗೆ ಬಾರದು, ಹೇಳಿದರೆ ಮೂಗಿನ ತುದಿ ಕೆಂಪಗಾಗುತ್ತದೆ ಅಂತ ಅವ್ವ ಜಂಬಮ್ಮ ಸಣ್ಣಂದಿನಿಂದ ಆಡಿಕೊಳ್ಳುತ್ತಾಳೆ, ಆದರೂ ಈ ಸುಳ್ಳು ನಿಂತಿತು, ಯಾಕಂದರೆ ಕಂಪ್ಲಿಯ ಮದುವೆ ನಿಜ, ಬರುವ ಹುಣ್ಣಿಮೆ ಕಳೆದು ಇದೆ, ಆ ಮದುವೆಗೆ ಮೊಟ್ಟೆ ಬೇಕಾಗುವುದೂ ನಿಜ — ಬೇರೆಯವರು ಅರಿಸಿನ ಸುಣ್ಣ ಕಲಸಿದ ಕೆಂಪು ನೀರನ್ನು ಹಂಡೆಯಲ್ಲಿಟ್ಟು ಎರಚಾಡಿದರೆ ಅವರಿಗೆ ಓಕುಳಿ ಮುಗಿಯಿತು, ಅವಳ ಅಪ್ಪ ಪಾಲಪ್ಪನ ಮನೆತನದವರಿಗೆ ಮುಗಿಯುವುದಿಲ್ಲ, ಇವರಿಗೆ ಮೊಟ್ಟೆ ಬೇಕು, ಹೆಣ್ಣಿನ ಕಡೆಯವರು ಗಂಡಿನ ಕಡೆಯವರ ತಲೆಯ ಮೇಲೆ, ಅವರು ಇವರ ತಲೆಯ ಮೇಲೆ, ಮದುಮಗಳು ಮದುಮಗನ ತಲೆಯ ಮೇಲೆ ಕುಟ್ಟಿ ಒಡೆಯಬೇಕು, ಫಟ್ ಅಂತ ಒಡೆದರೆ ಗುಲಾಲು ಭುಸ್ಸೆಂದು ಏಳಬೇಕು, ಬಣ್ಣದ ಕಾಗದದ ಚೂರು, ಬೇಗಡೆಯ ಚೂರು ಮಿಣಮಿಣ ಅಂತ ಹೆಗಲ ಮೇಲೆಲ್ಲ ಸುರಿಯಬೇಕು, ಮುದುಕರು ಕೂಡ ಬಿಟ್ಟುಬಿಡ್ರೋ ಅಂತ ಓಡಬೇಕು, ಆಗಲೇ ಮದುವೆ ಆಯಿತು ಅನ್ನಿಸುವುದು. ಅದಕ್ಕೆ ತಿಂಗಳುಗಟ್ಟಲೆ ಕೆಲಸ. ಜಾಲಿಮುಳ್ಳಿನಿಂದ ಒಂದು ತುದಿಗೆ ಸಣ್ಣ ತೂತು, ಇನ್ನೊಂದು ತುದಿಗೆ ಬೆರಳ ಗಾತ್ರದ ತೂತು, ತುಟಿ ಇಟ್ಟು ಕೆನ್ನೆ ಉಬ್ಬಿಸಿ ಊದಿದರೆ ಬಿಳಿಯೂ ಹಳದಿಯೂ ಕೂಡಿಯೇ ಬಟ್ಟಲಿಗೆ ಜಾರುತ್ತವೆ, ಜೋರಾಗಿ ಊದಿದರೆ ಸಿಪ್ಪೆ ಕೈಯಲ್ಲೇ ಪುಡಿ, ಮೆಲ್ಲಗೆ ಊದಿದರೆ ಬರುವುದೇ ಇಲ್ಲ, ತಲೆ ತಿರುಗುವ ತನಕ ಊದಬೇಕು, ಆಮೇಲೆ ನೀರಾಡಿಸಿ ಬಿಸಿಲಿಗೆ ಬೋರಲು ಹಾಕಬೇಕು, ಬಟ್ಟಲಿಗೆ ಬಿದ್ದದ್ದು ಮನೆಯವರ ಪಾಲಿಗೆ — ಉಳ್ಳಾಗಡ್ಡಿ ಹಾಕಿ ಹುರಿದದ್ದು, ರೊಟ್ಟಿಗೂ ಅದೇ, ಅನ್ನಕ್ಕೂ ಅದೇ, ಮೊನ್ನೆ ಅಪ್ಪ ತಟ್ಟೆ ನೋಡಿ, ಏನವ್ವಾ ವಿರುಪಿ, ಇನ್ನೊಂದು ವಾರ ಹಿಂಗ ಆದ್ರ ಮುಂಜಾನಿ ಮಾಳಿಗಿ ಹತ್ತಿ ನಾನೇ ಕೂಗಾಕ ಶುರು ಮಾಡ್ತೀನಿ ನೋಡು, ಅಂದ, ಅವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಕಾಗದಕ್ಕೆ ಮಾತ್ರ ಚಿಂತೆಯಿಲ್ಲ, ಪೀರಲ ಹಬ್ಬಕ್ಕೆ ತಾಬೂತು ಕಟ್ಟುವ ಸಾಬರ ಮನೆಯ ಮುದುಕಿ ವರ್ಷವರ್ಷವೂ ಉಳಿದ ಚೂರುಪಾರನ್ನೆಲ್ಲ ಗಂಟು ಕಟ್ಟಿ ಕೊಡುತ್ತಾಳೆ, ಕೆಂಪು, ಹಸಿರು, ನವಿಲಿನ ಕತ್ತಿನ ಬಣ್ಣದ ಬೇಗಡೆ, ಅದನ್ನು ಕತ್ತರಿಯಲ್ಲಿ ಸಣ್ಣಗೆ, ಇನ್ನೂ ಸಣ್ಣಗೆ, ಸಾಸಿವೆಯ ಹಾಗೆ — ಈಗ ವಿರುಪಮ್ಮ ಕಾಗದದ ಸುರುಳಿಯನ್ನು ಮೊಟ್ಟೆಯ ತೂತಿಗೆ ಇಟ್ಟು ಒಂದು ಚಿಟಿಕೆ ಗುಲಾಲು, ಒಂದು ಚಿಟಿಕೆ ಬೇಗಡೆ, ಇನ್ನೊಂದು ಚಿಟಿಕೆ, ಇರಲಿ ಬಿಡು ಇನ್ನೂ ಒಂದು, ಈ ನೀಲಿಯದು ಅವನಿಗೆ, ಸಂಜೆ ಬರುವ ಜಡೆಪ್ಪನಿಗೆ, ಇದರಲ್ಲಿ ಬೇಗಡೆ ಜಾಸ್ತಿ ಇರಲಿ, ಹಿಟ್ಟಿನ ಅಂಟು ಸವರಿ ಮೇಲೊಂದು ಕಾಗದದ ಬೊಟ್ಟು ಅಂಟಿಸಿದಳು, ಅಂಗೈಯಲ್ಲಿಟ್ಟು ತೂಗಿದಳು, ಏನೂ ಭಾರವಿಲ್ಲ, ಒಂದು ಉಸಿರಿನಷ್ಟೂ ಇಲ್ಲ.

ಇದನ್ನೆಲ್ಲ ಕಲಿಸಿದವಳು ಅತ್ತೆ. ಹುಲುಗಮ್ಮ, ಅಪ್ಪನ ಅಕ್ಕ, ಈ ಮನೆಯ ಬೀಗದ ಕೈ ಸೊಂಟದಲ್ಲಿ ಸಿಕ್ಕಿಸಿಕೊಂಡಿರುವವಳು, ತಲೆಯೆಲ್ಲ ಹತ್ತಿಯ ಹಾಗೆ ಬೆಳ್ಳಗಾಗಿದೆ, ಆದರೂ ಊದುವುದಕ್ಕೆ ಕೂತರೆ ಅವಳ ಉಸಿರಿನ ಮುಂದೆ ವಿರುಪಮ್ಮನದು ಏನೂ ಅಲ್ಲ, ಕರಿ ಕೋಳೀದು ಬ್ಯಾಡ ಲೇ, ಅದರ ಸಿಪ್ಪಿ ದಪ್ಪ, ಬೀಗರ ತಲಿ ಒಡದು ಪಂಚಾಯ್ತಿ ಆದೀತು, ಬಿಳಿ ಕೋಳೀದು ತಗಾ, ಅನ್ನುತ್ತಿದ್ದಳು, ಮೊಣಕೈ ಮುಟ್ಟಿ ತೋರಿಸುತ್ತಿದ್ದಳು, ಹಿಡಿಯೋದು ಹಿಂಗ, ಹಕ್ಕಿ ಹಿಡದಂಗ, ಬಿಗೀಬಾರದು ಬಿಡಬಾರದು — ಇಷ್ಟು ಮದುವೆಗೆ ಇಷ್ಟು ಮೊಟ್ಟೆ ಮಾಡಿಕೊಟ್ಟ ಆ ಕೈ ಗಂಡ ಹೋದಂದಿನಿಂದ ಒಂದನ್ನೂ ಒಡೆದಿಲ್ಲ, ಅವಳ ತಲೆಯ ಮೇಲೂ ಯಾರೂ ಒಡೆದಿಲ್ಲ. ಮೈನೆರೆಯುವ ಮೊದಲೇ ಅವಳ ಗಂಡ ತೀರಿಕೊಂಡಿದ್ದ, ಸಂಡೂರಿನಿಂದ ಒಂದು ಉಡಿಕಿ ಗೊತ್ತಾಗಿತ್ತಂತೆ, ಸೀರೆಯೂ ಬಂದಿತ್ತಂತೆ, ಅಷ್ಟರಲ್ಲಿ ಅವಳ ತಾಯಿ ಹೋಗಿಬಿಟ್ಟಳು, ಅಂಬೆಗಾಲಿಡುವ ತಮ್ಮ ಉಳಿದ, ಆ ತಮ್ಮನೇ ಅಪ್ಪ, ಈ ಕೂಸಿನ್ನ ಯಾರ ಕೈಯಾಗ ಇಟ್ಟು ಹೋಗ್ಲಿ ಅಂದಳಂತೆ, ಸಂಡೂರಿನವನು ಸೀರೆ ಮಡಿಚಿಕೊಂಡು ತಿರುಗಿ ಹೋದನಂತೆ, ಇಷ್ಟನ್ನೂ ಹೇಳಿದ್ದು ಅವ್ವ, ಜೋಳ ಕೇರುತ್ತಾ, ಮೆಲ್ಲಗೆ, ಅತ್ತೆ ಬಾವಿಗೆ ಹೋಗಿದ್ದಾಗ, ಅತ್ತೆ ಮಾತ್ರ ಒಂದು ದಿನವೂ ಬಾಯಿ ಬಿಟ್ಟಿಲ್ಲ. ವಿರುಪಮ್ಮನ ಗಂಡ ಜ್ವರದಲ್ಲಿ ಹೋದಾಗ ಅವಳಿಗಿನ್ನೂ ಅವನ ಮುಖವೇ ಸರಿಯಾಗಿ ಮನಸ್ಸಿನಲ್ಲಿ ನಿಂತಿರಲಿಲ್ಲ, ತವರಿಗೆ ಬಂದಳು, ಬಂದ ವರ್ಷವೇ ಪಕ್ಕದ ಕೇರಿಯಲ್ಲಿ ನೆಂಟರ ಮದುವೆ, ಮೊಟ್ಟೆ ಬುಟ್ಟಿ ಹೊತ್ತು ಹಂದರದ ಕಡೆ ಓಡುತ್ತಿದ್ದವಳ ರಟ್ಟೆ ಹಿಡಿದು ಅತ್ತೆ ನಿಲ್ಲಿಸಿದ್ದಳು, ಬುಟ್ಟಿ ಕೊಟ್ಟು ಬಾ, ನೀ ಅಲ್ಲಿ ನಿಂದ್ರಬ್ಯಾಡ, ನಮ್ಮ ಕೈ ಮಾಡಾಕ ವಿರುಪಿ, ಒಡ್ಯಾಕ ಅಲ್ಲ. ಗಟ್ಟಿಯಾಗಿ ಅನ್ನಲಿಲ್ಲ, ಬೈಯಲಿಲ್ಲ, ಕಲ್ಲಿಗೆ ಕಲ್ಲು ಅಂದ ಹಾಗೆ ಅಂದಳು. ಅವತ್ತಿನಿಂದ ಓಕುಳಿ ಅಂದರೆ ಗೋಡೆಯಾಚೆಯ ಸದ್ದು, ಫಟ್, ಫಟ್, ಅಯ್ಯಯ್ಯೋ ಕಣ್ಣಾಗ ಹೋತು, ಹಿಡೀರಿ ಬೀಗರನ್ನ, ನಗು, ಓಡುವ ಬಳೆಗಳ ಸದ್ದು, ಈಚೆಗೆ ಅತ್ತೆ ಮತ್ತು ಅವಳು ಹಿತ್ತಿಲಲ್ಲಿ ಹಂಡೆ ತಿಕ್ಕುತ್ತಾ —

ಅಂಥದೇ ಒಂದು ಗೋಡೆಯಾಚೆಯಿಂದ ಅವನು ಬಂದದ್ದು. ಹೋದ ಮಾಗಿಯಲ್ಲಿ, ಕಂಪ್ಲಿಯಲ್ಲಿ, ಮಾವನ ಮಗಳ ಮದುವೆಯ ಓಕುಳಿ, ಒಂದು ಕಣ್ಣು ಮುಚ್ಚಿಕೊಂಡು ಗೋಡೆ ತಡಕಾಡುತ್ತಾ ಬಂದ ಎತ್ತರದ ಮನುಷ್ಯ, ತಲೆಯಿಂದ ಎದೆಯ ತನಕ ಗುಲಾಲು, ಮೀಸೆಯಲ್ಲಿ ಬೇಗಡೆ, ಯಾರ್ರೀ ಇದ್ದೀರಿ, ಚೂರು ನೀರು ಹಾಕ್ರಿ ಪುಣ್ಯ ಬರ್ತೈತಿ, ಕಣ್ಣು ಬಿಡಾಕ ಬರವಲ್ದು, ಅಂದ. ಅವಳು ಚಂಬು ಬಗ್ಗಿಸಿದಳು, ಅವನು ಎತ್ತಿನ ಹಾಗೆ ಮುಖ ಒಡ್ಡಿದ, ನೀರು ಕೆಂಪಾಗಿ, ಗುಲಾಬಿಯಾಗಿ, ತಿಳಿಯಾಗಿ ಹರಿಯಿತು, ಒಂದು ಕಣ್ಣು ತೆರೆದು ಅವನು ಮೊದಲು ನೋಡಿದ್ದು ಅವಳನ್ನಲ್ಲ, ಅವಳ ಬೆರಳ ಸಂದಿಯಲ್ಲಿ ಉಳಿದಿದ್ದ ನೀಲಿಯನ್ನ, ಮೊಟ್ಟಿ ಮಾಡಿದವ್ರು ನೀವೇನ್ರಿ, ಹೌದ್ರಿ, ಮತ್ತ ಅಲ್ಲಿ ಒಡಿಯೋದು ಬಿಟ್ಟು ಇಲ್ಲಿ ಹಂಡೇವು ತಿಕ್ಕಾಕತ್ತೀರಿ? ಅವಳು ಬರಿದಾದ ಹಣೆಗೆ ಸೆರಗು ಎಳೆದುಕೊಂಡಳು, ಅವನಿಗೆ ತಿಳಿಯಿತು, ಹೋಗುವಾಗ ಮೀಸೆಯಿಂದ ಒಂದು ಬೇಗಡೆಯ ಚೂರು ಬಿಡಿಸಿ ಹಂಡೆಯ ಅಂಚಿನ ಮೇಲೆ ಇಟ್ಟು ಹೋದ. ಅಷ್ಟೇ. ಆಮೇಲೆ ತಿಳಿಯಿತು, ಜಡೆಪ್ಪ, ಎಮ್ಮಿಗನೂರಿನವನು, ಆಲೆಮನೆಯಲ್ಲಿ ಬೆಲ್ಲದ ಪಾಕ ಇಳಿಸುವ ಹದಗಾರ, ಹೆಂಡತಿ ಬಾಣಂತನದಲ್ಲಿ ಹೋಗಿದ್ದಾಳೆ, ಕೂಸೂ ಉಳಿಯಲಿಲ್ಲ. ಬೆಲ್ಲ ಹೇರಿಕೊಂಡು ಹೊಸಪೇಟೆಯ ಸಂತೆಗೆ ಬಂದಾಗಲೆಲ್ಲ ಪಾಲಪ್ಪನ ಜಗಲಿಯಲ್ಲಿ ಕೂತು ಎಲೆ ಅಡಿಕೆ ಹಾಕುವುದಕ್ಕೆ ಶುರು ಮಾಡಿದ, ಸಕ್ಕರಿ ಕಾರ್ಖಾನಿ ಬರ್ತಾವಂತ, ಬೆಲ್ಲ ಯಾರು ಕೊಳ್ತಾರೋ ಇನ್ನ, ಅಂತ ಅಪ್ಪನೊಡನೆ ಮಾತು, ಕಣ್ಣು ಮಾತ್ರ ಹಿತ್ತಿಲ ಕಡೆ, ಕೊನೆಗೆ ಒಂದು ದಿನ ತಾಯಿಯನ್ನೇ ಕರೆತಂದ, ಉಡಿಕಿ ಮಾಡಿಕೊಡ್ರಿ ಅಂತ ಕೇಳಿಸಿದ, ಅಪ್ಪ ಅತ್ತೆಯ ಮುಖ ನೋಡಿದ, ಅತ್ತೆ ಕಂಬಕ್ಕೆ ಒರಗಿ, ಆಗ್ಲಿ, ಹುಡುಗಿ ಹೋಗ್ಲಿ, ಅಂದಳು. ಅದಾದ ಮೇಲಿನ ಸಂತೆಯಲ್ಲಿ, ಬೆಲ್ಲದ ಉಂಡೆಗಳ ರಾಶಿಯ ಹಿಂದೆ ಕೂತು ಅವನು ಒಂದು ಬಿಸಿ ಬೆಲ್ಲದ ಚೂರನ್ನು ಅವಳ ಅಂಗೈಗೆ ಹಾಕಿದ — ಬಿಸಿ ಎಲ್ಲಿಯದು, ಬಿಸಿಲಿಗೆ ಬೆಚ್ಚಗಾದದ್ದು, ಆದರೂ ಸುಟ್ಟಿತು — ನಮ್ಮ ದಿವಸಕ್ಕ ಮೊಟ್ಟಿ ಮಾಡ್ತಿಯೇನ, ಅಂದ. ಉಡಿಕಿಗೆ ಓಕುಳಿ ಇಲ್ಲ, ಅಂದಳು. ಯಾರಂದ್ರು? ಅತ್ತಿ. ಅತ್ತೀನ್ನ ಕೇಳೀಯೇನ? ಇಲ್ಲ. ಕೇಳಬ್ಯಾಡ ಹಂಗಾದ್ರ, ಮಾಡಿಡು. ಅಂದು ನಕ್ಕ, ಮೀಸೆಯೊಳಗೇ, ಅವಳು ಮನೆಯ ತನಕ ಬೆಲ್ಲ ಬಾಯಲ್ಲೇ ಕರಗಿಸುತ್ತಾ ಬಂದಳು, ಮರುದಿನವೇ ಬಿಳಿ ಕೋಳಿಯ ಕಾವಿನ ಬುಟ್ಟಿಯಿಂದ ಮೊದಲನೆಯ ಮೊಟ್ಟೆ ಎತ್ತಿದಳು.

ವಿರುಪಿ, ಎದ್ದು ತಲಿ ಮ್ಯಾಲ ನೀರು ಹಾಕ್ಕೋ, ಹೊತ್ತು ಏಟಾತು ನೋಡು, ಅತ್ತೆಯ ದನಿ, ಒಳಗಿನಿಂದ. ಹ್ಞೂಂ ಅತ್ತಿ, ಬಂದೆ. ಕೊನೆಯದನ್ನು ತೌಡಿನಲ್ಲಿ ಹುದುಗಿಸಿ, ಮೇಲೆ ಇನ್ನಷ್ಟು ತೌಡು ಸುರಿದು, ಹಳೆಯ ಸೀರೆಯ ತುಂಡು ಮುಚ್ಚಿ ಬುಟ್ಟಿಯನ್ನು ಬೇವಿನ ಕಟ್ಟೆಯ ಮೇಲೆ ಇಟ್ಟಳು. ಬಚ್ಚಲಲ್ಲಿ ನೀರು ಸುಡುಸುಡು, ಸೀಗೆಯ ವಾಸನೆ, ಹೊಗೆ, ಕಣ್ಣು ಉರಿ, ಯಾವಾಗ ಹೊರಗೆ ತೆಗೆಯುವುದು, ಸೀರೆ ಉಡಿಸಿದ ಮೇಲೆಯೋ ತಾಳಿ ಕಟ್ಟಿದ ಮೇಲೆಯೋ, ತಾಳಿಯ ಮೇಲೆ, ಎಲ್ಲರೂ ಉಸ್ ಅಂತ ಉಸಿರು ಬಿಡುತ್ತಿರುವಾಗ ಓಡಿ ಹೋಗಿ, ಸೀದಾ ಅವನ ತಲೆಯ ಮೇಲೆ, ಅವನು ಬಗ್ಗುತ್ತಾನೋ ಇಲ್ಲವೋ, ಕೈಗೆ ಎಟುಕುತ್ತದೋ ಇಲ್ಲವೋ, ಅವನ ತಾಯಿ ಏನಂದಾಳು, ಅತ್ತೆ — ಅತ್ತೆಯ ಹತ್ತಿರ ಬಂದಾಗ ಯೋಚನೆ ನಿಲ್ಲುತ್ತದೆ, ಗೋಡೆಗೆ ಹಾಯ್ದ ಹಾಗೆ, ಇನ್ನೊಂದು ತಂಬಿಗೆ ನೀರು ಸುರಿದುಕೊಳ್ಳುತ್ತಾಳೆ, ಏನಾದರೂ ಆಗಲಿ, ಆಗಲಿ, ಒಂದೇ ಒಂದು ಒಡೆದರೂ ಸಾಕು. ಒದ್ದೆ ಕೂದಲು ಹಿಂಡುತ್ತಾ ಹೊರಗೆ ಬಂದು ಕಟ್ಟೆ ನೋಡಿದಳು. ಕಟ್ಟೆ ಬರಿದು. ಬೇವಿನ ಹಣ್ಣೆಲೆ ಎರಡು ಬಿದ್ದಿವೆ, ಬುಟ್ಟಿ ಇಲ್ಲ. ಅತ್ತಿ, ಇಲ್ಲಿದ್ದ ಬುಟ್ಟಿ? ಅತ್ತೆ ಅಕ್ಕಿ ಆರಿಸುತ್ತಿದ್ದಳು, ತಲೆ ಎತ್ತಲಿಲ್ಲ, ಕಂಪ್ಲಿಗೆ ಹೊಂಟಿದ್ದ ಉಜ್ಜಿನಪ್ಪನ ಗಾಡಿ ಸಿಕ್ತು, ಏರಿಸಿ ಕಳಿಸಿದೆ, ನಿನಗ್ಯಾಕ ಅದರ ಚಿಂತಿ, ನೀ ನಾಳಿಗೆ ಎಮ್ಮಿಗನೂರಾಗ ಇರಾಕಿ, ಕಂಪ್ಲಿಗೆ ಯಾರು ಮುಟ್ಟಸ್ತಾರ, ನಿಮ್ಮಪ್ಪ ಕಾಲವಿ ತನಕ ಜೊತೀಗೆ ಹೋಗ್ಯಾನ. ಒಳ್ಳೆಯದನ್ನೇ ಮಾಡಿದ್ದಳು ಅತ್ತೆ, ಯಾವಾಗಲೂ ಮಾಡುವ ಹಾಗೆ, ಹೇಳುವುದಕ್ಕೂ ಮೊದಲೇ. ವಿರುಪಮ್ಮನ ಕಾಲುಗಳೇ ತೀರ್ಮಾನ ಮಾಡಿದವು.

ಓಡಿದಳು. ಕೂದಲಿಂದ ನೀರು ಬೆನ್ನ ಮೇಲೆಲ್ಲ ಇಳಿಯುತ್ತಿದೆ, ಸೀರೆಯ ನಿರಿಗೆ ಒಂದು ಕೈಯಲ್ಲಿ, ಹಗಲು ಹೊತ್ತು, ಕೇರಿಯ ನಡುವೆ, ಉಡಿಕಿಯಾಗಬೇಕಾದ ಹೆಣ್ಣು, ಇವತ್ತು ಹೊಸಿಲು ದಾಟಬಾರದಾದವಳು, ಯವ್ವಾ ಪಾಲಪ್ಪನ ಮಗಳು ನೋಡ್ರೇ, ಓಡಿ ಹೊಂಟಾಳ, ಯಾರೋ ಅಂದರು, ಇನ್ಯಾರೋ, ಗಂಡು ಒಲ್ಲೆ ಅಂತೇನು, ಅಂದರು, ಅಲ್ಲ, ಒಲ್ಲೆ ಅಲ್ಲ, ಬೇಕು ಅಂತ, ಬಹಳ ಬೇಕು ಅಂತ, ಅವಳಿಗೆ ಓಡುತ್ತಲೇ ನಗು ಬಂತು, ಕಾಲಿಗೆ ಬಿಸಿ ಮಣ್ಣು, ಮಾವಿನ ತೋಪಿನ ನೆರಳು, ಮತ್ತೆ ಬಿಸಿ ಮಣ್ಣು, ಕಬ್ಬಿನ ಗದ್ದೆಯ ಹಸಿ ವಾಸನೆ, ದೂರದಲ್ಲಿ ರೈಲಿನ ಕೂಗು, ಗಾಡಿ ಕಾಲುವೆ ದಾಟಿದರೆ ಮುಗಿಯಿತು, ದಾಟಬಾರದು, ದಾಟಬ್ಯಾಡೋ ನಮ್ಮಪ್ಪಾ — ಅಗೋ, ಕಾಲುವೆಯ ಇಳಿಜಾರಿನಲ್ಲಿ ಎತ್ತುಗಳು ಮೂತಿ ನೀರಿಗಿಟ್ಟಿವೆ, ಅಪ್ಪ ಎತ್ತಿನ ಬೆನ್ನ ಮೇಲೆ ಕೈಯಿಟ್ಟು ನಿಂತಿದ್ದಾನೆ, ಉಜ್ಜಿನಪ್ಪ ಬೀಡಿ ಹಚ್ಚುತ್ತಿದ್ದಾನೆ, ಲಿಂಗ ಕಟ್ಟಿದ ಕೊರಳು, ಹಣೆಯ ತುಂಬ ವಿಭೂತಿ. ಅಪ್ಪಾ, ಆ ಬುಟ್ಟಿ ಇಳಸು, ಮೊಟ್ಟಿ ಕಂಪ್ಲಿಗೆ ಅಲ್ಲ. ಉಜ್ಜಿನಪ್ಪನ ಬಾಯಿಂದ ಬೀಡಿ ಬಿತ್ತು. ಶಿವನೇ, ತೌಡು ಅಂದ್ಯಲ್ಲೋ ಪಾಲಪ್ಪ, ಮೊಟ್ಟಿ ಏರಿಸೀಯಲ್ಲೋ ನನ್ನ ಗಾಡಿಗೆ! ಮೊಟ್ಟಿ ಅಲ್ಲೋ ಮಾರಾಯ, ಬರೀ ಸಿಪ್ಪಿ, ಒಳಗ ಬಣ್ಣ ಐತಿ. ಸಿಪ್ಪಿ ಏನು ಗಿಡದಾಗ ಬಿಡ್ತೈತೇನು, ಕೋಳೀದೇ ಅಲ್ಲೇನು, ಇಳಸು, ಮೊದಲ ಇಳಸು! ಉಜ್ಜಿನಪ್ಪ ಕಾಲುವೆಯ ನೀರು ಮೊಗೆದು ಗಾಡಿಯ ಹಲಗೆಗೆ ಚಿಮುಕಿಸುತ್ತಿದ್ದಾನೆ, ಅಪ್ಪ ಬುಟ್ಟಿಯನ್ನು ಎರಡು ಕೈಯಲ್ಲಿ ಇಳಿಸಿಕೊಂಡ, ಅವಳ ಕಡೆ ತಿರುಗಿದ. ಮತ್ತ ಯಾರ ಓಕುಳಿಗವ್ವಾ? ಅವಳಿಗೆ ಉಸಿರು ಸಾಲದು. ನನ್ನ ಓಕುಳಿಗೆ, ಅಪ್ಪ. ಹೇಳಿಬಿಟ್ಟಳು. ಅಪ್ಪ ನೀರು ಕುಡಿಯುವ ಎತ್ತುಗಳನ್ನು ನೋಡಿದ, ಕಾಲುವೆಯಲ್ಲಿ ತೇಲಿ ಹೋಗುತ್ತಿದ್ದ ಒಂದು ಬಾಳೆಲೆಯನ್ನು ಅದು ತಿರುವಿನಲ್ಲಿ ಮರೆಯಾಗುವ ತನಕ ನೋಡಿದ, ಆಮೇಲೆ ಬಟ್ಟೆ ಸರಿಸಿ ತೌಡಿನಲ್ಲಿ ಬೆರಳಾಡಿಸಿ ಒಂದನ್ನು ಹೊರಗೆ ತೆಗೆದ, ಈ ನೀಲಿದ್ರಾಗ ಏನು ತುಂಬೀಯ? ಗುಲಾಲು, ಬೇಗಡಿ. ಬೇಗಡಿ ಭಾಳ ಹಾಕೀಯೇನು? ಹಾಕೀನಿ ಅಪ್ಪ. ಹಾಕಬೇಕು, ಅಂದ ಅಪ್ಪ, ಮೊಟ್ಟೆಯನ್ನು ತಿರುಗಿ ತೌಡಿಗೆ ಇಟ್ಟ, ರುಮಾಲನ್ನು ಸಿಂಬಿ ಮಾಡಿ ತಲೆಗಿಟ್ಟುಕೊಂಡ, ಅದರ ಮೇಲೆ ಬುಟ್ಟಿ ಹೊತ್ತುಕೊಂಡ, ಮುಂದೆ ನಡೆದ. ಕೇರಿಯ ನಡುವೆಯೇ ನಡೆದ, ಹಿತ್ತಿಲ ದಾರಿ ಬಿಟ್ಟು, ಮಾತಾಡಿಸಿದವರಿಗೆಲ್ಲ, ಮಗಳ ಓಕುಳಿಗೆ, ಬರ್ರಿ, ಅನ್ನುತ್ತಾ ನಡೆದ, ಹಿಂದೆ ಒದ್ದೆ ಕೂದಲಿನ ವಿರುಪಮ್ಮ, ನೆಲ ಕಾಲಿಗೆ ತಾಗುತ್ತಿದೆಯೋ ಇಲ್ಲವೋ ಅವಳಿಗೆ ಗೊತ್ತಿಲ್ಲ.

ಆಮೇಲೆ ಎಲ್ಲ ಒಟ್ಟೊಟ್ಟಿಗೆ ಆಯಿತು, ಯಾವುದು ಮೊದಲು ಯಾವುದು ಆಮೇಲೆ, ಗಾಡಿಯ ಗೆಜ್ಜೆ, ಜಡೆಪ್ಪನ ತಾಯಿಯ ಕೆಮ್ಮು, ಹಿತ್ತಿಲಲ್ಲಿ ಹಾಸಿದ ಕಂಬಳಿ, ಬಿಸಿಲು ಬೇವಿನ ಬುಡಕ್ಕೆ ಇಳಿದು ಕೆಂಪಗಾಗಿದೆ, ಬಾಗಿಲ ಸಂದಿಯಲ್ಲಿ ಅವ್ವನ ಒಂದು ಕಣ್ಣು, ಒಂದು ಕೈಯ ಹಸಿರು ಬಳೆ, ಮುತ್ತೈದೆ, ಬರುವ ಹಾಗಿಲ್ಲ, ಉಡಿಸಬೇಕಾದವಳು ಗಂಡ ಸತ್ತವಳೇ ಆಗಬೇಕು, ಅತ್ತೆಯೇ ಉಡಿಸಿದಳು, ಕುಂಕುಮದ ಬಣ್ಣದ ಇಳಕಲ್ಲಿನ ಸೀರೆ, ನಿರಿಗೆ ಹಿಡಿಯುವಾಗ ಅತ್ತೆಯ ಬೆರಳು ಸೆರಗಿನ ಮೇಲೆ ಒಂದು ಕ್ಷಣ ಜಾಸ್ತಿಯೇ ನಿಂತಿತು, ನೂಲು ಚಲೋ ಐತಿ, ಅಂದಳು, ಅಷ್ಟೇ ಅಂದಳು. ಜಡೆಪ್ಪ ತಾಳಿ ಕಟ್ಟುವಾಗ ಅವನ ಕೈಯಲ್ಲಿ ಬೆಲ್ಲದ ವಾಸನೆ, ಎಷ್ಟು ತೊಳೆದರೂ ಹೋಗದ್ದು, ಆಯಿತು, ಗಂಟು ಬಿತ್ತು, ಎಲ್ಲರೂ ಉಸ್ ಅಂದರು, ಆಗಲೇ ಅಪ್ಪ ಬುಟ್ಟಿ ತಂದು ಕಂಬಳಿಯ ನಡುವೆ ಇಟ್ಟು ಬಟ್ಟೆ ತೆಗೆದ. ಅತ್ತೆ ನೋಡಿದಳು. ಇದು ಕಂಪ್ಲಿಗೆ ಹೋಗ್ಲಿಲ್ಲೇನೋ ಪಾಲ? ಇಲ್ಲಕ್ಕ, ಇದು ಇಲ್ಲೇದಂತ. ಇಲ್ಲಿ ಯಾರ ಮದಿವಿ ಐತಿ? ಹಿತ್ತಿಲ ಗೋಡೆಯ ಮೇಲೆ ಕೇರಿಯ ಹೆಂಗಸರ ತಲೆಗಳು, ಅಪ್ಪ ಕರೆದು ಬಂದಿದ್ದನಲ್ಲ, ವಿರುಪಮ್ಮ, ನಂದು, ಅಂದಳು. ಅವಳ ದನಿ ಅವಳಿಗೇ ಹೊಸದಾಗಿ ಕೇಳಿತು. ಅತ್ತೆ ಬುಟ್ಟಿಗೂ ಅವಳಿಗೂ ನಡುವೆ ಬಂದು ನಿಂತಳು, ಉಡಿಕಿಗೆ ಓಕುಳಿ ಇಲ್ಲ ವಿರುಪಿ, ಹಿಂದ ಇದ್ದಿಲ್ಲ, ಹೊಸಾ ಬಾಳೇವಕ್ಕ ಕೇಡು ತಂದ್ಕೋಬ್ಯಾಡ, ಬಂದ ಬೀಗರು ಏನಂದಾರು, ನಿನ್ನ ಒಳ್ಳೇದಕ್ಕ ಹೇಳ್ತೀನಿ, ಕೇಳು. ದನಿ ಗಟ್ಟಿಯಿರಲಿಲ್ಲ, ಅದೇ ಕಲ್ಲಿಗೆ ಕಲ್ಲು ಅಂದ ಹಾಗೆ, ಆದರೆ ಇವತ್ತು ಅದರ ತುದಿಯಲ್ಲಿ ಏನೋ ಅಲುಗಿತು, ಭಯ, ಅತ್ತೆಗೆ ಭಯ, ವಿರುಪಮ್ಮನಿಗಾಗಿ ಭಯ, ಇಷ್ಟು ವರ್ಷ ಅದು ಭಯವೇ ಇತ್ತೇನೋ. ಜಡೆಪ್ಪ ರುಮಾಲು ತೆಗೆದ, ತಲೆ ಬಗ್ಗಿಸಿ ನಿಂತ, ಎತ್ತು ನೊಗಕ್ಕೆ ಕತ್ತು ಕೊಟ್ಟ ಹಾಗೆ, ಗೋಡೆಯ ಮೇಲೆ ಯಾರೋ ಕಿಸಕ್ಕನೆ ನಕ್ಕರು. ವಿರುಪಮ್ಮ ಬಗ್ಗಿ ನೀಲಿಯದನ್ನು ಎತ್ತಿಕೊಂಡಳು, ಬೇಗಡೆ ಜಾಸ್ತಿ ಇರುವುದು, ಅವನದು, ಎರಡು ಹೆಜ್ಜೆ ಅವನ ಕಡೆ ಇಟ್ಟಳು, ಅತ್ತೆಯ ಮುಂದೆ ಹಾಯಬೇಕು, ಅತ್ತೆ ಸರಿಯಲಿಲ್ಲ, ಹತ್ತಿರ, ಬಹಳ ಹತ್ತಿರ ಆ ಬಿಳಿ ತಲೆ, ಎಣ್ಣೆ ಕಾಣದ ಬೈತಲೆ, ಆಮೇಲೆ ಅವಳು ಯೋಚಿಸಲಿಲ್ಲ, ಕೈ ತಾನೇ ಎದ್ದಿತು, ಹಕ್ಕಿ ಹಿಡಿದ ಹಾಗೆ ಹಿಡಿದಿದ್ದ ಕೈ, ಫಟ್.

ಅತ್ತೆಯ ತಲೆಯ ಮೇಲೆ. ಗುಲಾಲು ಭುಸ್ಸೆಂದು ಎದ್ದು ಇಳಿಯಿತು, ಬಿಳಿ ಕೂದಲಿನ ಮೇಲೆ ಕೆಂಪು, ಹಣೆಯ ಮೇಲೆ ಕೆಂಪು, ಎಷ್ಟೋ ವರ್ಷದಿಂದ ಬರಿದಾಗಿದ್ದ ಹಣೆ, ಬೇಗಡೆ ಮಿಣಮಿಣ ಅಂತ ಇಳಿಬಿಸಿಲಿನಲ್ಲಿ ಸುರಿಯಿತು, ಹುಬ್ಬಿನ ಮೇಲೆ ಒಂದು ಹಸಿರು ಚೂರು ಕೂತುಕೊಂಡಿತು. ಅಪ್ಪ ಅಕ್ಕಾ ಅಂದ, ಅರ್ಧಕ್ಕೆ ನಿಂತ. ಬ್ಯಾಡವಾಗಿತ್ತೇನೋ, ವಿರುಪಮ್ಮನ ಕೈಯಲ್ಲಿ ಸಿಪ್ಪೆಯ ಚೂರು ಇನ್ನೂ ಇದೆ, ಬೈಯಲಿ, ಹೊಡೆಯಲಿ, ಏನಾದರೂ ಅನ್ನಲಿ — ಅತ್ತೆ ಕಣ್ಣು ಮುಚ್ಚಿ ನಿಂತಿದ್ದಾಳೆ, ಮಳೆಯಲ್ಲಿ ನಿಂತ ಹಾಗೆ, ಕೈ ಮೆಲ್ಲಗೆ ಮೇಲೆ ಹೋಯಿತು, ಕೊಡವಿಕೊಳ್ಳುತ್ತಾಳೆ ಅಂದುಕೊಂಡರು ಎಲ್ಲರೂ, ಕೊಡವಲಿಲ್ಲ, ಮುಟ್ಟಿ ನೋಡಿಕೊಂಡಳು, ಬೆರಳ ತುದಿಯಿಂದ, ಬಿದ್ದು ಹೋದೀತು ಅನ್ನುವ ಹಾಗೆ, ಕಣ್ಣು ತೆರೆದು ಬೆರಳಿನ ಕೆಂಪು ನೋಡಿದಳು, ಆಮೇಲೆ ವಿರುಪಮ್ಮನ ಕಡೆ ಕೈ ಚಾಚಿದಳು. ಇನ್ನೊಂದು ಕೊಡು. ದನಿ ಇತ್ತೋ ಇಲ್ಲವೋ. ಏನತ್ತಿ? ಇನ್ನೊಂದು ಕೊಡು ಅಂದೆ. ವಿರುಪಮ್ಮ ಅರಿಸಿನದ್ದನ್ನು ಆ ಕೈಯಲ್ಲಿಟ್ಟಳು, ಅತ್ತೆ ಅದನ್ನು ಅಂಗೈಯಲ್ಲಿ ಒಂದು ಸಲ ತೂಗಿದಳು, ತಿರುಗಿದಳು, ತಲೆ ಬಗ್ಗಿಸಿಯೇ ನಿಂತಿದ್ದ ಜಡೆಪ್ಪನ ನೆತ್ತಿಯ ಮೇಲೆ ಕುಟ್ಟಿದಳು, ಎಂಥ ಏಟು, ಅವನು ಯಪ್ಪಾ ಅಂತ ಕೂತುಬಿಟ್ಟ, ಅವನ ತಾಯಿ ಮೊದಲು ನಕ್ಕಳು, ಕೆಮ್ಮುತ್ತಾ ನಕ್ಕಳು, ಮುದುಕಿ ಕೈ ಭಾಳ ಗಟ್ಟಿ ಐತ್ರಿ ಬೀಗರ, ಅಂದಳು, ಆಮೇಲೆ ಗೋಡೆಯ ಮೇಲಿದ್ದವರೆಲ್ಲ ಹಿತ್ತಿಲೊಳಗೆ ಧುಮುಕಿದರು, ಫಟ್, ಫಟ್, ಗೋಡೆಯಾಚೆ ಅಲ್ಲ, ಇಲ್ಲೇ, ಅವಳ ಕಿವಿಯ ಮೇಲೆ, ಬೆನ್ನ ಮೇಲೆ, ಜಡೆಪ್ಪನ ಮೀಸೆಯ ಮೇಲೆ ಅವಳೇ ಒಡೆದದ್ದು ಕೇಸರಿಯದು, ಅವನು ಒಡೆದದ್ದು ಅವಳ ಹೆಗಲ ಮೇಲೆ, ಮೆಲ್ಲಗೆ, ಒಡೆಯಲೇ ಇಲ್ಲ ಮೊದಲನೆಯ ಸಲ, ಬಾಗಿಲು ಧಡ್ ಅಂತ ತೆರೆಯಿತು, ಅವ್ವ ಓಡಿಬಂದಳು, ನನ್ನ ಮಗಳ ಓಕುಳಿ, ನಾನ್ಯಾಕ ಒಳಗ ಇರ್ಲಿ, ಅನ್ನುತ್ತಾ ಅಪ್ಪನ ರುಮಾಲಿನ ಮೇಲೆಯೇ ಎರಡು ಒಡೆದಳು, ಕೋಳಿಗಳು ಕೊಕ್ಕೊಕ್ಕೋ ಅಂತ ಮಾಳಿಗೆ ಹತ್ತಿದವು, ತೌಡು, ಗುಲಾಲು, ಧೂಳು, ನಗು, ಈ ನಗು ತನ್ನದೇ, ಇಷ್ಟು ದೊಡ್ಡದು ಎಲ್ಲಿತ್ತು ಇದು ಇಷ್ಟು ದಿನ — ಈ ಗದ್ದಲದ ನಡುವೆ ಬೇವಿನ ಕಟ್ಟೆಯ ಮೇಲೆ ಅತ್ತೆ ಒಬ್ಬಳೇ ಹೋಗಿ ಕೂತಿದ್ದಳು, ಬೆನ್ನು ನೆಟ್ಟಗೆ, ಕತ್ತು ಅಲುಗಿಸದೆ, ತುಂಬಿದ ಕೊಡ ಹೊತ್ತವರ ಹಾಗೆ.

ಗಾಡಿ ಕಾಲುವೆಯ ಸೇತುವೆ ಹತ್ತುತ್ತಿದೆ, ಪಡುವಣದಲ್ಲಿ ಇನ್ನೂ ಒಂದು ಗೀರು ಬೆಳಕು, ಜಡೆಪ್ಪ ಹಗ್ಗ ಹಿಡಿದು ಮುಂದೆ ಕೂತಿದ್ದಾನೆ, ಅವನ ಕಿವಿಯ ಹಿಂದೆ ಅರಿಸಿನ, ಅವನ ತಾಯಿ ಮೂಟೆಗೆ ಒರಗಿ, ನಮ್ಮ ಊರಾಗ ಕೋಳಿ ಭಾಳ ಅದಾವು ತಂಗೀ, ಬರೋ ವರ್ಷ ನನ್ನ ತಮ್ಮನ ಮಗನ ಮದಿವಿ, ಮಾಡಿಕೊಡ್ತಿಯೇನ, ಅನ್ನುತ್ತಿದ್ದಾಳೆ, ಮಾಡ್ತೀನಿ, ಒಡೀತೀನಿ ಕೂಡ, ಅಂದಳು ವಿರುಪಮ್ಮ, ಮುಂದಿನಿಂದ ಅವನ ನಗು ಕೇಳಿತು, ಎತ್ತಿನ ಗೆಜ್ಜೆ, ನೀರಿನ ಸದ್ದು, ಕಬ್ಬಿನ ಗರಿಗಳ ಸದ್ದು, ಎಮ್ಮಿಗನೂರಿನ ಮನೆ ಹೇಗಿದೆಯೋ, ಒಲೆ ಯಾವ ದಿಕ್ಕಿಗಿದೆಯೋ, ನಾಳೆ ಬೆಳಿಗ್ಗೆ ಏಳುವಾಗ ಯಾವ ಕಡೆ ಬೆಳಕು ಬರುತ್ತದೋ, ಆಲೆಮನೆಯ ಹೊಗೆ ಅಂಗಳಕ್ಕೆ ಬರುತ್ತದೆ ಅಂದಿದ್ದ, ನೋಡಬೇಕು, ಎಲ್ಲ ನೋಡಬೇಕು — ಹೊರಡುವಾಗ ಅವಳು ಅತ್ತೆಯ ಕಾಲಿಗೆ ಬಿದ್ದಿದ್ದಳು, ಏಳುವಾಗ ಸೆರಗಿನಿಂದ ಆ ಹಣೆ ಒರೆಸಲು ಹೋದರೆ ಅತ್ತೆ ಮುಖ ಹಿಂದಕ್ಕೆಳೆದುಕೊಂಡಿದ್ದಳು, ಇರ್ಲಿ ಬಿಡು, ಅಂದಿದ್ದಳು, ಹಾಂಗ ಇರ್ಲಿ — ಜಡೆಪ್ಪ ಏನೋ ಕೇಳುತ್ತಿದ್ದಾನೆ, ಚಳಿ ಆಗ್ತೈತೇನ, ಇಲ್ಲ, ಇಲ್ಲ, ಕಂಬಳಿ ಬ್ಯಾಡ, ಕಬ್ಬಿನ ಗದ್ದೆ ಮುಗಿದು ಬಯಲು ಬಂತು, ಮೇಲೆ ಮೊದಲ ಚುಕ್ಕೆ, ಆ ಮನೆಯ ಒಲೆ ಯಾವ ದಿಕ್ಕಿಗೆ, ಬೆಳಕು ಯಾವ ಕಡೆ, ಬಿಳಿ ತಲೆ, ಈಗ ಅತ್ತೆ ದೀಪ ಹಚ್ಚುತ್ತಿರಬೇಕು, ಬಗ್ಗಿದರೆ ಉದುರುತ್ತದೆ ಅಂತ ಬಗ್ಗದೆ ಹಚ್ಚುತ್ತಿರಬೇಕು, ಬಿಳಿ ತಲೆಯ ಮೇಲೆ ಕೆಂಪು, ಹುಬ್ಬಿನ ಮೇಲೆ ಹಸಿರು ಬೇಗಡೆಯ ಚೂರು, ಕೊಡವಿಕೊಂಡಿಲ್ಲ, ಹುಬ್ಬಿನ ಮೇಲೆ ಹಸಿರು ಬೇಗಡೆ, ದೀಪದ ಬೆಳಕಿಗೆ ಮಿಣಕ್, ಹಸಿರು ಬೇಗಡೆ —